ಒಳಕ್ಕೆ ವಾಲಿದ ಹಲ್ಲು

ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಹೋಗದೆ ಏನು ಮಾಡ್ತಾಳೆ ಪಾಪ! ಐವತ್ತಾರು ವರ್ಷದ ಗಂಡಸು, ಗರಿಗರಿ ಇಸ್ತ್ರಿಯ ಸಮವಸ್ತ್ರ ಹಾಕಿಕೊಂಡು, ಕಿಟಕಿಗೆ ಮುಖ ಕೊಟ್ಟು ‘ತು-ಕು-ತು-ಕು, ತು-ಕು-ತು-ಕು’ ಅಂತ ಗೊಣಗುತ್ತಿದ್ದರೆ ಯಾರಿಗಾದರೂ ಭಯ ಆಗುವುದೇ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಮೂರು ವಾರದಿಂದ ಬಚ್ಚಲಲ್ಲೂ ತಟ್ಟೆಯ ಮುಂದೆಯೂ ಅವನ ಬಾಯಲ್ಲಿ ಇದೇ ಜಪ. ಇನ್ನು ಉಳಿದಿದ್ದು ಎರಡೇ ದಿನ.

ನಗರಸಭೆಯ ಬ್ಯಾಂಡಿನಲ್ಲಿ ಅವನು ಮೊದಲನೇ ಟ್ರಂಪೆಟ್. ಹಾಜರಿ ಪುಸ್ತಕದಲ್ಲಿ ಚೆಂದದ ಹೆಸರೊಂದು ಇದೆ, ಆದರೆ ಊರೆಲ್ಲ ಕರೆಯುವುದು ಸೊಟ್ಟಪ್ಪ ಅಂತ. ಮೇಲಿನ ಸಾಲಿನ ಮುಂದಿನ ಹಲ್ಲೊಂದು, ಹಾಲುಹಲ್ಲು ಬಿದ್ದು ಹುಟ್ಟಿದಾಗಿನಿಂದಲೇ, ಮಿಕ್ಕವರ ಜೊತೆ ಜಗಳವಾಡಿಕೊಂಡ ಹಾಗೆ ಒಳಕ್ಕೆ ವಾಲಿತ್ತು. ಆ ಹಲ್ಲೇ ಅವನ ಅನ್ನ ಅಂತ ಯಾರಿಗೆ ಗೊತ್ತಿತ್ತು? ಅವನಿಗೇ ಗೊತ್ತಿರಲಿಲ್ಲ.

ಟ್ರಂಪೆಟ್ ಅಂದರೆ ಕೆನ್ನೆ ಉಬ್ಬಿಸಿ ಊದಿದರೆ ಮುಗೀತು ಅಂದುಕೊಂಡವರೇ ಬಹಳ. ಉಸಿರೇನೋ ನಲ್ಲಿಯ ನೀರಿನ ಹಾಗೆ ಒಂದೇ ಸಮ ಹರಿಯುತ್ತದೆ, ಅದನ್ನು ಸ್ವರ ಸ್ವರವಾಗಿ ಬಿಡಿಸುವುದು ನಾಲಿಗೆ. ತುದಿ ಹಲ್ಲಿನ ಹಿಂದೆ ತಾಕಿ ಬಿಟ್ಟರೆ ‘ತು’, ಬುಡ ಮೇಲೆದ್ದು ಬಿಟ್ಟರೆ ‘ಕು’. ಓಟದ ನಡೆಯಲ್ಲಿ ಇವೆರಡೂ ಸರದಿಯ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಸಲ ಬೀಳಬೇಕು. ಭಾನುವಾರ ಸಂಜೆ ಉದ್ಯಾನದಲ್ಲಿ ಕೊನೆಗೆ ನುಡಿಸುವ ನಡೆಯಲ್ಲಿ ಇಡೀ ಬ್ಯಾಂಡು ಸುಮ್ಮನಾಗಿ ಟ್ರಂಪೆಟ್ ಒಂದೇ ಎಂಟು ಸಾಲು ಹೀಗೆ ಓಡುತ್ತದೆ. ಇಪ್ಪತ್ತೆರಡು ವರ್ಷ ಆ ಎಂಟು ಸಾಲು ಸೊಟ್ಟಪ್ಪನದು. ಪ್ರತಿ ಸ್ವರದ ಮೊದಲಿಗೆ ಬೆಂಕಿಕಡ್ಡಿ ಗೀರಿದಂಥ ಸಣ್ಣದೊಂದು ಸದ್ದು ಬರುತ್ತಿತ್ತು, ಬೇರೆ ಯಾರಿಗೂ ಬರುವುದಿಲ್ಲ ಅಂತಲೇ ಅವನ ನಂಬಿಕೆ.

ಎರಡು ತಿಂಗಳ ಹಿಂದೆ ಕವಾಯತಿನಲ್ಲಿ ಮುಂದಿದ್ದ ದೊಡ್ಡ ಡ್ರಮ್ಮಿನವನು, ಬೂಟಿನ ದಾರ ಬಿಚ್ಚಿತು ಅಂತ ಗಕ್ಕನೆ ನಿಂತುಬಿಟ್ಟ. ನುಡಿಸುತ್ತಾ ಬರುತ್ತಿದ್ದ ಸೊಟ್ಟಪ್ಪನ ಟ್ರಂಪೆಟ್ ಅವನ ಬೆನ್ನಿಗೆ ಬಡಿಯಿತು, ಊದುವ ತುದಿ ಹಲ್ಲಿಗೆ ಬಡಿಯಿತು. ಹಲ್ಲು ಅಂಗೈಗೆ ಬಂತು. ಗಾಯ ಆರಿದ ಮೇಲೆ ಹಲ್ಲಿನ ಡಾಕ್ಟರು ನೆಟ್ಟಗೆ, ಮುತ್ತಿನಂಥ ಹಲ್ಲು ಕೂರಿಸಿದರು. “ಈಗ ನೋಡ್ರಿ, ಮದುವಣಿಗನ ಹಾಗಿದ್ದೀರಿ!” ಅಂದರು. ಮದುವಣಿಗ ಮನೆಗೆ ಬಂದು ಟ್ರಂಪೆಟ್ ಎತ್ತಿದ. ನಾಲಿಗೆ ಹಳೇ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬರೀ ಗಾಳಿ ಬುಸ್ ಅಂತು.

ಬ್ಯಾಂಡ್ ಮಾಸ್ಟರು ಕೆಟ್ಟವರಲ್ಲ. ಎರಡು ತಿಂಗಳಿಂದ ಭಾನುವಾರಗಳಲ್ಲಿ ಆ ಕೊನೆಯ ನಡೆಯನ್ನೇ ಕೈಬಿಟ್ಟಿದ್ದರು. “ಈ ಭಾನುವಾರದ ತನಕ ಕಾಯ್ತೀನಿ. ಆಗಲಿಲ್ಲ ಅಂದ್ರೆ ಮೊದಲನೇ ಕುರ್ಚಿ ಬಿಟ್ಟುಕೊಡಬೇಕಾಗತ್ತೆ,” ಅಂದಿದ್ದರು. ಎರಡನೇ ಕುರ್ಚಿಯಲ್ಲಿದ್ದವಳು ಸೊಟ್ಟಪ್ಪನ ತಂಗಿಯ ಮಗಳು. ಅವನೇ ಆರು ವರ್ಷ ಕೂರಿಸಿಕೊಂಡು ಕಲಿಸಿದ ಹುಡುಗಿ.

ಆ ಶುಕ್ರವಾರ ಬಸ್ಸು ಇಳಿದವನು ಸೀದಾ ಡಾಕ್ಟರ ಹತ್ತಿರ ಹೋದ.

“ಸಾರ್, ಇದನ್ನ ಮೊದಲಿನ ಹಾಗೇ ಸೊಟ್ಟ ಮಾಡಿಕೊಡಿ.”

ಡಾಕ್ಟರು ನಕ್ಕರು. ಇವನ ಕಣ್ಣಲ್ಲಿ ನೀರು ಕಂಡು ನಗು ನಿಲ್ಲಿಸಿದರು. “ಮಾಡಬಹುದು. ಆದ್ರೆ ಎಷ್ಟು ಸೊಟ್ಟ, ಯಾವ ಕಡೆ? ಹಳೇ ಹಲ್ಲು ಇದೆಯಾ?”

“ಎಸೆದುಬಿಟ್ಟೆ ಸಾರ್.”

“ಹೋಗಲಿ, ಒಂದು ಫೋಟೋ ತನ್ನಿ. ನಗ್ತಾ ಇರೋದು.”

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಆಲ್ಬಮ್‌ಗಳನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಮದುವೆ ಫೋಟೋದಲ್ಲಿ ಬಾಯಿ ಬಿಗಿದಿದ್ದ. ಮಗು ಎತ್ತಿಕೊಂಡಾಗಲೂ ಬಿಗಿದಿದ್ದ. ಬ್ಯಾಂಡಿನ ಫೋಟೋಗಳಲ್ಲಿ ಬಾಯಿಗೆ ಟ್ರಂಪೆಟ್ ಅಡ್ಡ. ಮೂವತ್ತು ವರ್ಷದ ಫೋಟೋಗಳಲ್ಲಿ ಒಂದರಲ್ಲೂ ಆ ಹಲ್ಲಿರಲಿಲ್ಲ.

“ನಾನೇ ಕಣ್ರೀ ಹೇಳ್ತಿದ್ದಿದ್ದು,” ಅಂತ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ಫೋಟೋ ತೆಗೆಯುವಾಗ ಬಾಯಿ ಮುಚ್ಕೊಳ್ಳಿ, ಚೆನ್ನಾಗಿ ಕಾಣಲ್ಲ ಅಂತ.”

“ನೀನು ಹೇಳದಿದ್ರೂ ಮುಚ್ಕೊಳ್ತಿದ್ದೆ ಬಿಡು,” ಅಂದ. ಅವಳ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆ ಎಷ್ಟು ಬಂತು ಅಂದರೆ ಆಲ್ಬಮ್ ಮುಚ್ಚಲು ಕೈಯೇ ಏಳಲಿಲ್ಲ.

ಭಾನುವಾರ ಮಧ್ಯಾಹ್ನ ಅಭ್ಯಾಸದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಡ್ರಮ್ಮಿನವನು ತನ್ನ ಬೂಟನ್ನೇ ನೋಡುತ್ತಿದ್ದ. ಸೊಟ್ಟಪ್ಪ ಶುರು ಮಾಡಿದ. ಒಂದು ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ನಾಲಿಗೆ ತಡವರಿಸಿತು, ಸ್ವರಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾದವು. “ಇನ್ನೊಂದ್ಸಲ,” ಅಂದ. ಇನ್ನೊಂದು ಸಲವೂ ಅಷ್ಟೇ. ಮೂರನೇ ಸಲ ಬರೀ ಬುಸ್.

ಮಾಸ್ಟರು ತಾಳದ ಕೋಲನ್ನು ಎರಡನೇ ಕುರ್ಚಿಯ ಕಡೆ ಚಾಚಿದರು. ಹುಡುಗಿ ತಲೆ ಅಲ್ಲಾಡಿಸಿದಳು. “ನಾನು ನುಡಿಸಲ್ಲ ಸಾರ್.”

“ನುಡಿಸೇ,” ಅಂದ ಸೊಟ್ಟಪ್ಪ. ಸ್ವರದ ಹಾಳೆ ತೆಗೆದು ಅವಳ ಸ್ಟ್ಯಾಂಡಿನ ಮೇಲೆ ಇಟ್ಟ.

ಅವಳು ನುಡಿಸಿದಳು. ಸೊಟ್ಟಪ್ಪ ಗಕ್ಕನೆ ಅವಳ ಕಡೆ ತಿರುಗಿದ. ಪ್ರತಿ ಸ್ವರದ ಮೊದಲಿಗೂ ಆ ಬೆಂಕಿಕಡ್ಡಿ ಗೀರಿದ ಸದ್ದು! ಪಕ್ಕದಲ್ಲೇ ಕೂತಿದ್ದರೂ ಇವನು ಅದನ್ನು ಕೇಳಿರಲಿಲ್ಲ. ಕಲಿಸುವಾಗಲೂ ಬ್ಯಾಂಡಿನಲ್ಲೂ ಇಬ್ಬರೂ ಒಟ್ಟಿಗೇ ನುಡಿಸುತ್ತಿದ್ದರಿಂದ ಅದೆಲ್ಲ ತನ್ನದೇ ಅಂದುಕೊಂಡಿದ್ದ.

“ನಾಲಿಗೆ ಎಲ್ಲಿಡ್ತೀಯೇ ನೀನು?” ಅಂದ.

“ನೀವು ಹೇಳಿಕೊಟ್ಟಲ್ಲೇ ಮಾವ. ಹಲ್ಲಿನಿಂದ ಒಂಚೂರು ಒಳಗೆ, ಎಡಕ್ಕೆ.” ಅವಳು ತಲೆ ತಗ್ಗಿಸಿದಳು. “ಅಲ್ಲಿ ನಂಗೆ ಏನೂ ತಾಕಲ್ಲ. ಒಂದು ವರ್ಷ ಅತ್ತಿದ್ದೀನಿ ನಾನು. ಆಮೇಲೆ, ಏನೋ ಇದೆ ಅಂದ್ಕೊಂಡೇ ನುಡಿಸೋದು ಅಭ್ಯಾಸ ಆಯ್ತು.”

ತನ್ನ ಸೊಟ್ಟಹಲ್ಲಿನ ಜಾಗವನ್ನೇ ಎಲ್ಲರ ಬಾಯಿಯ ಜಾಗ ಅಂದುಕೊಂಡು, ನೆಟ್ಟಗಿನ ಹಲ್ಲಿನ ಮಗುವನ್ನು ಅಳಿಸಿ ಅಳಿಸಿ ಕಲಿಸಿದ್ದ ಪುಣ್ಯಾತ್ಮ! ಅವಳಿಗೆ ಆಗಿದ್ದು ತನಗೂ ಆಗಬಾರದೇಕೆ ಅಂತ ಗೋಡೆಯ ಕಡೆ ತಿರುಗಿ ಮತ್ತೆ ಎತ್ತಿದ. ಬುಸ್. ಕಲಿಯುವಾಗ ಅವಳ ನಾಲಿಗೆಗೆ ಹತ್ತು ವರ್ಷ, ಇವನದಕ್ಕೆ ಈಗ ಐವತ್ತಾರು.

ಸಂಜೆ ಉದ್ಯಾನದಲ್ಲಿ ಅವನು ಎರಡನೇ ಕುರ್ಚಿಯಲ್ಲಿ ಕೂತ, ಉದ್ದುದ್ದ ಸ್ವರಗಳನ್ನಷ್ಟೇ ಊದಿದ. ಎಂಟು ಸಾಲು ಬಂದಾಗ ಟ್ರಂಪೆಟ್ ತೊಡೆಯ ಮೇಲಿಟ್ಟುಕೊಂಡ. ಹುಡುಗಿ ಒಂದು ಸ್ವರವನ್ನೂ ಬಿಡದೆ ಓಡಿಸಿದಳು.

ವೇದಿಕೆಗೆ ಬೆನ್ನು ಮಾಡಿ ಪೇಪರ್ ಓದುವ ಮುದುಕರೊಬ್ಬರು ಮೊದಲ ಬೆಂಚಿನಲ್ಲಿದ್ದರು. ಮೊದಲೆಲ್ಲ ಪ್ರತಿ ವಾರ ಕೂಗುತ್ತಿದ್ದ ಹಾಗೆ, ಪೇಪರಿನಿಂದ ತಲೆ ಎತ್ತದೆ ಕೂಗಿದರು: “ಭಲೇ ಸೊಟ್ಟಪ್ಪ!”

ಹುಡುಗಿ ಬೆಚ್ಚಿ ಇವನ ಮುಖ ನೋಡಿದಳು. ಸೊಟ್ಟಪ್ಪನಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಹೊಸ ಹಲ್ಲು ಕಾಣುವ ಹಾಗೆ ಬಾಯಿ ತೆರೆದುಕೊಂಡೇ ಅತ್ತ. ಆಮೇಲೆ ಅವಳ ಮೊಣಕೈ ಮುಟ್ಟಿದ.

“ಎದ್ದು ನಿಂತ್ಕೊಳ್ಳೇ. ನಿನ್ನನ್ನೇ ಕರೀತಿರೋದು.”