ಮೈಕಮ್ಮನ ದನಿ ಮರಳಿ ಬಂತು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿರೋಧ ಪಕ್ಷದ ಕಚೇರಿಯ ಹಿಂದಿನ ಅಂಗಳದಲ್ಲಿ ಹಳೆಯ ವ್ಯಾನಿನ ನೆತ್ತಿಯ ಮೇಲೆ ನಿಂತು ಮೈಕಮ್ಮನ ಗಂಡ ಧ್ವನಿವರ್ಧಕವನ್ನು ಹಗ್ಗದಿಂದ ಬಿಗಿಯುತ್ತಿದ್ದಾರೆ. ಕೆಳಗೆ ಆಕೆ ಬೆಚ್ಚಗಿನ ನೀರನ್ನು ಗುಟುಕರಿಸಿ, ಮೈಕನ್ನು ಬೆರಳಿನಿಂದ ತಟ್ಟಿ, "ಬಂಧುಗಳೇ" ಎನ್ನುತ್ತಾರೆ. ದನಿ ಮೊದಲಿಗಿಂತ ತುಸು ದಪ್ಪ, ಆದರೆ ಬಿರುಕಿಲ್ಲ. ಸಾಕು, ಸುಸ್ತು ಮಾಡಿಕೊಳ್ಳಬೇಡ ಎಂದು ಗಂಡ ಮೇಲಿನಿಂದಲೇ ಗದರುತ್ತಾರೆ. ಮುಖದಲ್ಲಿ ಮಾತ್ರ ನಗು.

ಊರಿಗೆಲ್ಲ ಈಕೆ ಮೈಕಮ್ಮ. ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ಮರೆತುಹೋಗಿದೆಯಂತೆ. ಬಟ್ಟೆ ಗಿರಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಹೆಂಗಸರು ಧರಣಿ ಕೂತಿದ್ದರು. ಘೋಷಣೆ ಕೂಗಬೇಕಾದವನು ಬರಲಿಲ್ಲವೆಂದು ಪಕ್ಷದವರು ಯಾರೋ ಅವರಲ್ಲಿ ಒಬ್ಬರಾದ ಇವರ ಕೈಗೆ ಮೈಕು ಕೊಟ್ಟರು. ಅಂದಿನಿಂದ ಕೂಲಿ, ಶಾಲೆ, ಸರ್ಕಾರಿ ಆಸ್ಪತ್ರೆ, ಯಾವುದಕ್ಕೆ ಪಕ್ಷ ಸಭೆ ಕರೆದರೂ ಬೀದಿ ಬೀದಿ ಸುತ್ತಿ ಜನರನ್ನು ಕರೆಯುವುದು ಇವರೇ. ಪಕ್ಷ ಒಂದರ ಹಿಂದೊಂದು ಚುನಾವಣೆ ಸೋತಿದೆ. ಕಾರಿನಲ್ಲಿ ಬಂದಿಳಿಯುತ್ತಿದ್ದ ಎಷ್ಟೋ ಮುಖಂಡರು ಆಳುವ ಪಕ್ಷ ಸೇರಿದ್ದಾರೆ. ವ್ಯಾನು ಇಲ್ಲೇ ಇದೆ. "ಗೆದ್ದವ್ರಿಗೆ ಟಿವಿ ಇದೆ, ಸೋತವ್ರಿಗೆ ನಾನಿದ್ದೀನಿ," ಎನ್ನುತ್ತಾರೆ ಮೈಕಮ್ಮ.

ಕಳೆದ ಉಪಚುನಾವಣೆಯ ನಡುವೆ ದನಿ ಒಡೆಯಿತು. ಆಮೇಲೆ ಬರೀ ಗಾಳಿ ಹೊರಟಿತು. ದೂಳಿಗೆ ಹೀಗಾಗಿದೆ ಎಂದು ತಳ್ಳಿಹಾಕುತ್ತಿದ್ದವರನ್ನು ಮಗಳು ಆಸ್ಪತ್ರೆಗೆ ಎಳೆದೊಯ್ದಳು. ಗಂಟಲಲ್ಲಿ ಗಂಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ ವೈದ್ಯೆ, ವರದಿ ಬರುವವರೆಗೆ ಪಿಸುಮಾತೂ ಕೂಡದು ಎಂದರು. ಮನೆಯಲ್ಲಿ ಮೈಕಮ್ಮ ಪಾತ್ರೆ ಬಡಿದು ಗಂಡನನ್ನು ಕರೆಯತೊಡಗಿದರು. ಒಂದು ಬಡಿತಕ್ಕೆ ಊಟ, ಎರಡಕ್ಕೆ ಸಿಟ್ಟು ಎಂದು ಗಂಡ ತಮಾಷೆ ಮಾಡುತ್ತಿದ್ದರು. ಅವರೇ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದುದು ಮಗಳಿಗಷ್ಟೇ ಗೊತ್ತು.

ಕೊನೆಗೆ ವರದಿ ನೋಡಿದ ವೈದ್ಯೆ, "ಕ್ಯಾನ್ಸರ್ ಅಲ್ಲಮ್ಮ, ಕೂಗಿ ಕೂಗಿ ಬಂದಿರೋ ಗಂಟು," ಎಂದರು.

"ನಾನು ಅಲ್ಲೇ ಬೆಂಚಿನ ಮೇಲೆ ಕೂತ್ಬಿಟ್ಟೆ. ಇವ್ರು ಗುರುತು ಪರಿಚಯ ಇಲ್ದೋರನ್ನೆಲ್ಲ ಹಿಡ್ಕೊಂಡು, ಏನೂ ಇಲ್ವಂತೆ, ಏನೂ ಇಲ್ವಂತೆ ಅಂತಿದ್ರು." ಹೇಳುತ್ತಾ ಇಬ್ಬರೂ ನಗುತ್ತಾರೆ. ಗಂಟು ತೆಗೆಸಿಯಾಗಿದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಕೂಗಲು ಅಪ್ಪಣೆ ಸಿಕ್ಕಿದೆ.

ಮತ್ತೆ ಕೆಲಸಕ್ಕಿಳಿದ ಮೊದಲ ದಿನವೇ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಆಳುವ ಪಕ್ಷದ ಪ್ರಚಾರದ ವ್ಯಾನು ಎದುರಾಯಿತಂತೆ. ಅದರಲ್ಲಿ ಕೂಗುತ್ತಿದ್ದವನು ತನ್ನ ಮೈಕು ಆರಿಸಿ, ಕಿಟಕಿಯಿಂದ ಇಣುಕಿ, "ಅಕ್ಕಾ, ಗಂಟ್ಲು ಹೇಗಿದೆ? ನೀವಿಲ್ದೆ ಒಬ್ನೇ ಕೂಗಿ ಬೇಜಾರಾಗಿತ್ತು," ಎಂದನಂತೆ. ಮೈಕಮ್ಮ ಸುಮ್ಮನೆ ಬಿಡುತ್ತಾರೆಯೇ? ಸಂಜೆ ನಮ್ಮ ಸಭೆಗೆ ಬಾ ಎಂದು ಧ್ವನಿವರ್ಧಕದಲ್ಲೇ ಕರೆದರು. ಮಾರುಕಟ್ಟೆಯೆಲ್ಲ ನಕ್ಕಿತು.

ಬಂದನೇ ಎಂದು ಕೇಳಿದರೆ ಮೈಕಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. "ಬಂದಿದ್ದ. ಕೊನೇ ಸಾಲಲ್ಲಿ ನಿಂತಿದ್ದ. ಅವ್ನ ಹೆಸರು ಮಾತ್ರ ಬರೀಬೇಡಿ, ಪಾಪ, ಕೆಲ್ಸ ಹೋಗುತ್ತೆ."