ಕವಚದೊಳಗಿನ ಅಡುಗೆಯವನು

ವೀಗ್ ಆಂಬ್ರುಶ್ ಹೇಡಿ. ಈ ವಿಷಯದಲ್ಲಿ ಅವನ ಹೆಂಡತಿಯೊಬ್ಬಳನ್ನು ಬಿಟ್ಟರೆ ಡ್ಯಾನ್ಯೂಬ್ ದಡದ ಬಾಯಾ ಊರಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವನಿಗಂತೂ ಇರಲೇ ಇಲ್ಲ.

ಸಾವಿರದ ಒಂಬೈನೂರ ಹದಿನಾಲ್ಕರ ಮಹಾಯುದ್ಧ ಶುರುವಾಗಿ ಸೈನ್ಯಕ್ಕೆ ಕರೆ ಬಂದಾಗ ಊರಿನ ಗಂಡಸರು ಕುದುರೆ ಕೇಳಿದರು, ಕತ್ತಿ ಕೇಳಿದರು. ಆಂಬ್ರುಶ್ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಕ್ಕಿಂತ ದಪ್ಪ ಗೋಡೆ ಎಲ್ಲಿದೆ ಸಾಹೇಬ್ರೇ?" ಅಧಿಕಾರಿ ನಕ್ಕು ಅವನನ್ನು ಡ್ಯಾನ್ಯೂಬ್ ನದಿಯ ಯುದ್ಧನೌಕೆ 'ಇಪೊಯ್'ಗೆ ಅಡುಗೆಯವನಾಗಿ ಕಳಿಸಿದ. ನೀರಿಗೆ ಹೊಟ್ಟೆಯೂರಿ ಮಲಗಿದ ಎಮ್ಮೆಯಂಥ ಹಡಗು. ಮೈತುಂಬ ಉಕ್ಕಿನ ಕವಚ, ಬೆನ್ನ ಮೇಲೊಂದು ಫಿರಂಗಿ ಗೋಪುರ. ಗಂಡ ಉಕ್ಕಿನ ಹಡಗಿನ ವೀರನೆಂದು ಹೆಂಡತಿ ರೋಜಾಲ್ ಬೀದಿಗೆಲ್ಲ ಸಾರಿದಳು. ವೀರ ಮಾತ್ರ ಅಡುಗೆಕೋಣೆಯ ಕವಚ ಸಾಲದೆಂದು ಗೋಡೆಗೆ ಹಿಟ್ಟಿನ ಮೂಟೆಗಳನ್ನೂ ಒರಗಿಸಿಕೊಂಡ. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಒಲೆ ಯಾವುದು, ಅಡುಗೆಯವನು ಯಾರು ಎಂದು ಮುಟ್ಟಿ ನೋಡಿ ತಿಳಿಯಬೇಕಾಗಿತ್ತು. ಆದರೂ ಅವನು ಹೊರಗೆ ಬರುತ್ತಿರಲಿಲ್ಲ. ಎದುರು ದಡದ ಜೊಂಡಿನಲ್ಲಿ ಸರ್ಬಿಯದ ಬಂದೂಕುಗಳಿದ್ದವು.

ಇದನ್ನೆಲ್ಲ ಹಡಗಿನವರು ಕ್ಷಮಿಸಿಯಾರು. ಮೀನಿನ ಸಾರನ್ನು ಕ್ಷಮಿಸುವುದು ಸಾಧ್ಯವಿರಲಿಲ್ಲ.

ಬಾಯಾದಲ್ಲಿ ಮೀನಿನ ಸಾರು ಬಯಲಿನಲ್ಲಿ, ಸೌದೆಯ ಉರಿಯ ಮೇಲೆ, ತೂಗುಹಾಕಿದ ಕೊಪ್ಪರಿಗೆಯಲ್ಲಿ ಬೇಯಬೇಕು. ಅದಕ್ಕೆ ಸೌಟು ತಾಗಿಸಬಾರದು. ತಾಗಿದರೆ ಗೆಂಡೆ ಮೀನು ಒಡೆದು ಸಾರು ಗಂಜಿಯಾಗುತ್ತದೆ. ಕೊಪ್ಪರಿಗೆಯನ್ನೇ ಹಿಡಿದು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುಗಿಸುತ್ತಿರಬೇಕು. ಆಂಬ್ರುಶ್‌ನ ತಾಯಿ ಇಂಥ ಸಾರು ಮಾರಿಯೇ ಅವನನ್ನು ಬೆಳೆಸಿದವಳು. ಅವಳ ಮಗ ಈಗ ಒಳಗೇ, ಕಲ್ಲಿದ್ದಲ ಒಲೆಯ ಮೇಲೆ, ಡಬರಿಯಲ್ಲಿ, ಸೌಟು ಹಾಕಿ ತಿರುವುತ್ತಿದ್ದ.

"ಥೂ!" ಎಂದ ಬೋಲ್ದಿಜಾರ್, ಬಟ್ಟಲನ್ನು ದೂರ ತಳ್ಳಿ. ಅವನು ಬಾಯಿಲರಿಗೆ ಕಲ್ಲಿದ್ದಲು ಹಾಕುವವನು, ಅದೇ ಊರಿನವನು. "ನಿಮ್ಮಮ್ಮ ನೋಡಿದ್ರೆ ಈ ಸೌಟಲ್ಲೇ ನಿನ್ನ ತಲೆ ಮೇಲೆ ಬಾರಿಸ್ತಿದ್ಲು ಕಣೋ ಆಂಬ್ರುಶಾ."

"ನಮ್ಮಮ್ಮ ಸಾರು ಮಾಡ್ವಾಗ ಆಚೆ ದಡದಿಂದ ಯಾರೂ ಗುಂಡು ಹೊಡೀತಿರ್ಲಿಲ್ಲ."

"ಹೊಡೆದಿದ್ರೆ ಅವರಿಗೂ ಒಂದು ಬಟ್ಟಲು ಮಾರಿರೋಳು!"

ಎಲ್ಲರೂ ನಕ್ಕರು. ಆಂಬ್ರುಶ್ ಕೂಡ ನಕ್ಕ. ಹೇಡಿಗಳಿಗೆ ಆ ಅಭ್ಯಾಸವಿರುತ್ತದೆ.

ಅಕ್ಟೋಬರಿನಲ್ಲಿ, ಮುಂದಿನ ತಿರುವಿನಲ್ಲಿ ಶತ್ರುಗಳು ನೀರಿನಡಿ ಸಿಡಿಗುಂಡು ಕಟ್ಟಿದ್ದಾರೆಂಬ ಸುದ್ದಿ ಬಂತು. ಸಂಜೆ ದೋಣಿಯಲ್ಲಿ ಹೋಗಿ ಕೊಕ್ಕೆ ಹಾಕಿ ಹುಡುಕಲು ನಾಲ್ವರು ಬೇಕು. ಕಡ್ಡಿ ಎತ್ತಿದರು. ಗಿಡ್ಡ ಕಡ್ಡಿ ಬಂದವರಲ್ಲಿ ಬೋಲ್ದಿಜಾರನೂ ಒಬ್ಬ. ಹೋಗುವವರಿಗೆ ಕೇಳಿದ್ದು ಮಾಡಿಹಾಕೆಂದು ಕಪ್ತಾನ ಅಡುಗೆಯವನಿಗೆ ಹೇಳಿದ. ಮೂವರು ಹುರಿದ ಹಂದಿಮಾಂಸ ಕೇಳಿದರು.

"ನನಗೇನೂ ಬೇಡ," ಎಂದ ಬೋಲ್ದಿಜಾರ್. "ಕೊನೇ ಊಟ ಅಂತ ಇವನ ಗಂಜಿ ತಿನ್ನೋದಕ್ಕಿಂತ ಹಸ್ಕೊಂಡು ಹೋಗೋದೇ ವಾಸಿ."

ಈ ಸಲ ಯಾರೂ ನಗಲಿಲ್ಲ. ಆಂಬ್ರುಶ್ ಹಂದಿಮಾಂಸ ಹುರಿದು ಬಡಿಸಿದ. ಆಮೇಲೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಕೊಪ್ಪರಿಗೆಯನ್ನು ಉಜ್ಜಿದ. ಮೂರು ಕೋಲು, ಒಂದು ಬುಟ್ಟಿ ಮರಳು, ಒಡೆದ ಪೆಟ್ಟಿಗೆಯ ಹಲಗೆಗಳನ್ನು ಹೊತ್ತು ಏಣಿಯ ಬುಡಕ್ಕೆ ಬಂದ.

"ಎಲ್ಲಿಗಯ್ಯಾ?" ಎಂದ ಕಪ್ತಾನ.

"ಮೇಲಕ್ಕೆ ಸಾಹೇಬ್ರೇ. ಒಳಗೆ ಸೌದೆ ಉರಿಸೋ ಹಾಗಿಲ್ಲ. ಕಿಡಿ ಹಾರುತ್ತೆ, ಕೆಳಗೆ ಫಿರಂಗಿ ಮದ್ದಿದೆ. ತಾವೇ ಮಾಡಿದ ನಿಯಮ."

ಕಪ್ತಾನ ಏಣಿಯಿಂದ ಸರಿದು ದಾರಿ ಬಿಟ್ಟ. ಹಡಗು ಎಲ್ಲಿದೆಯೆಂದು ಎದುರು ದಡದವರಿಗೆ ಗೊತ್ತೇ ಇತ್ತು. ಅವರಿಗೆ ಇಷ್ಟು ದಿನ ಕೊರತೆಯಾಗಿದ್ದದ್ದು ಅದರ ಮೇಲೆ ನೆಟ್ಟಗೆ ನಿಲ್ಲುವ ಒಬ್ಬ ಮನುಷ್ಯ ಮಾತ್ರ.

ಆಂಬ್ರುಶ್ ಗೋಪುರದ ಪಕ್ಕ ಮರಳು ಹರಡಿ ಉರಿ ಹಾಕಿ, ಮೂರು ಕೋಲು ನಿಲ್ಲಿಸಿ ಕೊಪ್ಪರಿಗೆ ತೂಗುಹಾಕಿದ. ನದಿಯ ನೀರು, ಈರುಳ್ಳಿ, ಗೆಂಡೆ ಮೀನು, ಕೊನೆಗೆ ಕೈತುಂಬ ಕೆಂಪು ಮೆಣಸಿನಪುಡಿ. ಸಾರು ಕುದಿಯತೊಡಗಿದಾಗ ಮೊದಲ ಗುಂಡು ಗೋಪುರಕ್ಕೆ ಬಡಿದು ಠಣ್ಣೆಂದಿತು. ಎಲ್ಲರೂ ನಿರೀಕ್ಷಿಸಿದ್ದನ್ನೇ ಅವನು ಮಾಡಿದ: ಕಿರುಚಿ ಬೋರಲು ಬಿದ್ದ. ಉಳಿದವರು ಏಣಿಯ ಬಾಗಿಲಿನಿಂದ ಇಣುಕುತ್ತಿದ್ದರು. ಎರಡನೆಯ ಗುಂಡು ಒಂದು ಕೋಲನ್ನು ಸೀಳಿತು, ಕೊಪ್ಪರಿಗೆ ಮಾತ್ರ ಬೀಳಲಿಲ್ಲ.

"ಒಳಗೆ ಬಾರೋ ಆಂಬ್ರುಶಾ!" ಬೋಲ್ದಿಜಾರ್ ಕೂಗಿದ. "ಸೌಟು ಹಾಕಿದ್ರೂ ತಿಂತೀನಿ! ಬಟ್ಟಲು ನೆಕ್ತೀನಿ, ಬಾರೋ ಮಾರಾಯಾ!"

"ಬಾಯಿ ಮುಚ್ಚೋ," ಎಂದಿತು ಉರಿಯ ಪಕ್ಕದಿಂದ ಅಳುವ ದನಿಯೊಂದು. "ಮೀನು ಒಡೆಯುತ್ತೆ."

ಆಂಬ್ರುಶ್ ತಲೆಯೆತ್ತಲಿಲ್ಲ, ಕಣ್ಣನ್ನೂ ತೆರೆಯಲಿಲ್ಲ. ಕೈಗೆ ಸೊಂಟದ ಅಡುಗೆಬಟ್ಟೆಯನ್ನು ಸುತ್ತಿಕೊಂಡು, ಮಲಗಿದಲ್ಲಿಂದಲೇ ಹೊಗೆಯೊಳಗೆ ತೋಳು ಚಾಚಿ, ಕೊಪ್ಪರಿಗೆಯನ್ನು ಅತ್ತ ಅರ್ಧ ಸುತ್ತು ತಿರುಗಿಸಿದ. ತುಸು ತಡೆದು, ಇತ್ತ ಅರ್ಧ ಸುತ್ತು.