ಸರ್ವರ್ ನನ್ನದು, ಕರೆಂಟ್ ಮಂಜನದು

"ಮೇನ್ ಇಳಿಸ್ಬೇಡ ಅಪ್ಪಾ!" ಎಂದು ಕೂಗಿದೆ. ಅಷ್ಟರಲ್ಲಿ ಇಳಿಸಿ ಆಗಿತ್ತು. ಕಂಪ್ಯೂಟರ್ ಕಪ್ಪಾಯಿತು. ಮಧ್ಯಾಹ್ನವಷ್ಟೇ ಹುಟ್ಟಿದ ನನ್ನ ಸರ್ವರ್ ಸತ್ತಿತು.

"ಕೊಬ್ಬರಿ ಮಂಡಿ ಕಣ್ಲಾ ಇದು. ಒಂದ್ ಕಿಡಿ ಬಿದ್ರೆ ಬೂದಿನೂ ಸಿಗಲ್ಲ" ಎಂದು ಅಪ್ಪ ಶಟರ್ ಎಳೆದರು.

ಅರಸೀಕೆರೆಯ ಕೊಬ್ಬರಿ ಮಂಡಿಯವರು ಬಾಗಿಲು ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸುತ್ತಾರೆ. ತಾತನ ಕಾಲದ ರೂಢಿ. ತಾತನಿಗೆ ಸರ್ವರ್ ಇತ್ತಾ?

ನಾನು ಓದಿದ್ದು ಕಡಿಮೆ. ಆದರೆ ಈ ಜಾವಾ ಸರ್ವರ್ ಶುರು ಮಾಡೋಕೆ ಓದು ಬೇಡ. ಓಪನ್ ಸೋರ್ಸ್, ಪುಕ್ಕಟೆ. ಜಾವಾ ಹಾಕಿಕೊಳ್ಳಿ, ಒಂದು ಪುಟ್ಟ ಫೈಲ್ ಇಳಿಸಿಕೊಳ್ಳಿ, ಒಂದು ಸಾಲು ಕಮಾಂಡ್ ಹೊಡೆಯಿರಿ. ಓಡುತ್ತೆ. ಅದರಲ್ಲಿ ಓಡಿಸೋದು ಮೈಕ್ರೋಸರ್ವಿಸ್. ಹೆಸರಿಗೆ ಹೆದರಬೇಡಿ. ನಮ್ಮ ಮಂಡಿಯಲ್ಲಿ ತೂಗುವವನು ಬೇರೆ, ಚೀಲ ಹೊಲಿಯುವವನು ಬೇರೆ. ಒಬ್ಬ ಟೀಗೆ ಹೋದರೆ ಇನ್ನೊಬ್ಬನ ಕೆಲಸ ನಿಲ್ಲಲ್ಲ. ಅಷ್ಟೇ.

ನಾನು ಮಾಡಿದ್ದು ಕೊಬ್ಬರಿ ರೇಟು ತೋರಿಸುವ ಪೇಜು. ಗಂಡಸಿ ಊರಿನ ಕಡೆಯ ಬೆಳೆಗಾರರು ಗಾಡಿ ಕಟ್ಟುವ ಮುಂಚೆ ಫೋನಿನಲ್ಲಿ ನೋಡಲಿ ಅಂತ. "ನಿಂದು ನಿಲ್ದೆ ಓಡಿದ್ರೆ ನಮ್ ರೇಟೂ ಹಾಕು" ಎಂದು ಅಕ್ಕಪಕ್ಕದ ಮಂಡಿಯವರು ಹೇಳಿದ್ದರು. ನನಗೆ ಅದೇ ಬೇಕಿತ್ತು. ಕೊಬ್ಬರಿ ರೇಟು ಅಂದರೆ ಊರೆಲ್ಲ ನನ್ನ ಹೆಸರು ಹೇಳಬೇಕು.

ಮಾರನೇ ದಿನ ಮಂಡಿ ಬಾಗಿಲು ತೆಗೆಯುವ ಮೊದಲೇ ಗಂಡಸಿಯ ಪುಟ್ಟಸ್ವಾಮಣ್ಣನ ಫೋನು. "ಏನಪ್ಪಾ, ನಿನ್ ಪೇಜು ಸುಮ್ನೆ ಸುತ್ತಾ ಐತೆ. ಚೀಲ ತುಂಬ್ಲೋ ಬ್ಯಾಡ್ವೋ?"

(ಕ್ಲೌಡಿಗೆ, ಅಂದರೆ ಬಾಡಿಗೆ ಸರ್ವರಿಗೆ, ಹಾಕು ಅನ್ನಬೇಡಿ. ಅಲ್ಲಿ ಮೊದಲು ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನನ್ನ ಹತ್ತಿರ ಇಲ್ಲ. ಕಂಪ್ಯೂಟರ್ ಮನೆಗೆ ಒಯ್ಯೋಣ ಅಂದರೆ ಬಿಲ್ ಹಾಕೋದೂ ಅದರಲ್ಲೇ, ಅಪ್ಪ ಬಿಡಲ್ಲ.)

ಈಗ ಮಂಜನ ವಿಷಯ. ಹಳೇಬೀಡಿನ ಸೋದರತ್ತೆ ಮಗ. ದೇವಸ್ಥಾನ ನೋಡಲು ಬರುವವರಿಗೆ ಬಾಡಿಗೆ ಸೈಕಲ್ ಕೊಡುತ್ತಾನೆ. ನಾನು ನೋಡಿ ಕಲಿತ ವಿಡಿಯೋನೇ ನೋಡಿ, ಅದೇ ಥರದ ಸರ್ವರಿನಲ್ಲಿ ಸೈಕಲ್ ಬುಕಿಂಗ್ ಮಾಡಿದ. ಮಹಡಿ ಮೇಲಿನ ರೂಮಿನಲ್ಲಿ ಅವನ ಹಳೇ ಲ್ಯಾಪ್‌ಟಾಪ್ ಹಗಲು ರಾತ್ರಿ ಓಡುತ್ತೆ. ಅತ್ತೆ ಅದರ ಸ್ವಿಚ್ ಮುಟ್ಟಲ್ಲ. ಕಸ ಗುಡಿಸುವಾಗಲೂ ವೈರ್ ದಾಟಿ ಹೋಗುತ್ತಾರಂತೆ! ಫ್ಯಾಮಿಲಿ ಗ್ರೂಪಿನಲ್ಲಿ ಅವನಿಗೆ ಶಹಬ್ಬಾಸ್‌ಗಿರಿ. ಮೊದಲನೆಯದು ನಮ್ಮಪ್ಪನದೇ.

ಅವನ ಕೋಡ್ ನೋಡಿದ್ದೇನೆ. ನನ್ನದೇ ಚೆನ್ನಾಗಿದೆ.

ಭಾನುವಾರ ಮಂಡಿಗೇ ಬಂದ. "ಏನ್ ಭಾವ, ಮಾವ ಫ್ಯೂಸ್ ಕಿತ್ರಾ?" ಎಂದು ನಕ್ಕ. ಅಪ್ಪನೂ ನಕ್ಕರು. ಆಮೇಲೆ ಮಂಜ, "ಫೈಲ್ ಕೊಡು ಭಾವ. ನನ್ ಮಿಷಿನ್ನಾಗೆ ಹಾಕ್ತೀನಿ. ಒಂದ್ ಮೂಲೇಲಿ ಬಿದ್ದಿರ್ತೈತೆ" ಅಂದ.

ಮೂಲೆಯಲ್ಲಂತೆ. ನನ್ನದು!

ಕೊಡಲ್ಲ ಅಂದೆ. "ಕೊಡು ಕಣ್ಲಾ, ಬೆಳೆಗಾರರು ಕಾಯ್ತಾವ್ರೆ. ಅವ್ನ ನೋಡಿ ಕಲಿ" ಅಂದರು ಅಪ್ಪ. ಮೇನ್ ಇಳಿಸಿದ್ದು ಯಾರು?

ಕೊಟ್ಟೆ. ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಬಸ್ ಹತ್ತಿದ. ಅವತ್ತಿನಿಂದ ನನ್ನ ಪೇಜು ಒಂದು ಸಲವೂ ನಿಂತಿಲ್ಲ. ಅಕ್ಕಪಕ್ಕದ ಮಂಡಿಯವರ ರೇಟೂ ಸೇರಿದೆ. ರೇಟು ಹಾಕುವವನು ನಾನು. ಕೋಡ್ ನನ್ನದು. ಪೇಜಿನ ವಿಳಾಸದಲ್ಲಿ ಮಾತ್ರ ಈಗ ಮಂಜನ ಹೆಸರಿದೆ.

ಇವತ್ತು ಬೆಳಿಗ್ಗೆ ಪುಟ್ಟಸ್ವಾಮಣ್ಣ ಫೋನ್ ಮಾಡಿದ್ದರು. "ಮಂಜಣ್ಣನ ರೇಟು ಸಲೀಸಾಗಿ ಬತ್ತೈತೆ ಕಣಪ್ಪಾ!"